ಅವ್ವನ ವೋಟರ್ ಕಾರ್ಡಿಗೆ ಯಾರ ಮನೆ ವಿಳಾಸ?

ಪ್ರಶ್ನೆ: ನನಗೆ 46 ವರ್ಷ, ದಾವಣಗೆರೆಯಲ್ಲಿದ್ದೇನೆ. ತವರು ಹರಪನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ತೀರಿಕೊಂಡ ಮೇಲೆ, ಎರಡು ವರ್ಷದಿಂದ ಅವ್ವ ನನ್ನ ಹತ್ತಿರ ಇದ್ದಾಳೆ. ಅವಳಿಗೆ ಎಪ್ಪತ್ತು ದಾಟಿದೆ. ಜಾತ್ರೆಗೆ, ಹಬ್ಬಕ್ಕೆ, ಮೆಕ್ಕೆಜೋಳ ಮುರಿಯುವ ಹೊತ್ತಿಗೆ ಊರಿಗೆ ಹೋಗಿ ಹದಿನೈದು ದಿನ ಇದ್ದು ಬರುತ್ತಾಳೆ. ಸಾಮಾನು ಸಾಗಿಸುವಾಗ ಅವಳ ವೋಟರ್ ಕಾರ್ಡು ಎಲ್ಲೋ ಕಳೆದುಹೋಯಿತು. ಹೊಸದು ಮಾಡಿಸೋಣ ಅಂತ ಪಕ್ಕದ ಮನೆ ಹುಡುಗನಿಗೆ ಹೇಳಿದೆ. ಅವನು ಮೊಬೈಲಿನಲ್ಲೇ ಫಾರಂ 6 ತೆಗೆದು ನಮ್ಮ ಮನೆ ವಿಳಾಸ ಹಾಕಿ ತುಂಬಿಟ್ಟಿದ್ದಾನೆ, ಫೋಟೊ ಒಂದು ಬಾಕಿ. ಇದನ್ನು ಮಾತಿನ ಮಧ್ಯೆ ಅಣ್ಣನಿಗೆ ಹೇಳಿದ್ದೇ ತಡ, ‘ಇವತ್ತು ಕಾರ್ಡು, ನಾಳೆ ಹೊಲ’ ಅಂದು ಫೋನ್ ಇಟ್ಟುಬಿಟ್ಟ. ಅತ್ತಿಗೆಯೂ ಮಾತು ಬಿಟ್ಟಿದ್ದಾಳೆ. ಅವ್ವನ ಆಧಾರಿಗೆ ಜೋಡಿಸಿರುವುದು ಅಣ್ಣನ ನಂಬರು. ಬ್ಯಾಂಕಿನ ಕೆಲಸಕ್ಕೆ ಒಟಿಪಿ ಬೇಕಾದಾಗಲೆಲ್ಲ ಅವನನ್ನೇ ಬೇಡಬೇಕು, ಈಗ ಅದಕ್ಕೂ ಕತ್ತರಿ ಬಿದ್ದಿದೆ. ನಮ್ಮ ಯಜಮಾನರು, ‘ನಮಗ್ಯಾಕೆ ಇಲ್ಲದ ಉಸಾಬರಿ’ ಅನ್ನುತ್ತಾರೆ. ಅವ್ವನನ್ನು ಕೇಳಿದರೆ ‘ನಿಮ್ಮಿಷ್ಟ’ ಅನ್ನುತ್ತಾಳೆ. ಕಾರ್ಡು ಮಾಡಿಸಲು ಯಾವ ಯಾವ ದಾಖಲೆ ಬೇಕು? ಅಣ್ಣ ಇದನ್ನು ತಡೆಯಬಹುದೇ? ವಿಳಾಸ ಬದಲಾದರೆ ಹೊಲದ ವಿಷಯದಲ್ಲಿ ನಮಗೋ ಅವರಿಗೋ ತೊಂದರೆ ಆಗುತ್ತದೆಯೇ?
ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಆ ಹುಡುಗನಿಗೆ ಫೋನ್ ಮಾಡಿ, ತುಂಬಿಟ್ಟ ಅರ್ಜಿ ಕಳಿಸಬೇಡಪ್ಪ ಅನ್ನಿ. ಉಳಿದದ್ದನ್ನು ಆಮೇಲೆ ಓದಿ.

ಫಾರಂ 6 ಇರುವುದು ಮತದಾರರ ಪಟ್ಟಿಗೆ ಮೊದಲ ಸಲ ಹೆಸರು ಸೇರಿಸುವವರಿಗೆ. ಹದಿನೆಂಟು ತುಂಬಿದ ಮಕ್ಕಳಿಗೆ ಅದು ಸರಿ. ನಿಮ್ಮ ತಾಯಿ ಎಷ್ಟೋ ಚುನಾವಣೆ ಕಂಡವರು, ಅವರ ಹೆಸರು ಊರಿನ ಪಟ್ಟಿಯಲ್ಲಿ ಇನ್ನೂ ಇರುವ ಸಾಧ್ಯತೆಯೇ ಹೆಚ್ಚು. ಬೇರೆಲ್ಲೂ ತನ್ನ ಹೆಸರಿಲ್ಲ, ಇದೇ ಮೊದಲ ಅರ್ಜಿ ಎಂಬ ಘೋಷಣೆ ಆ ಫಾರಂನಲ್ಲಿದೆ. ಅದರ ಕೆಳಗೆ ಅವ್ವನ ಸಹಿಯೋ ಹೆಬ್ಬೆಟ್ಟೋ ಬಿದ್ದರೆ ಸುಳ್ಳು ಹೇಳಿಕೆ ಕೊಟ್ಟಂತಾಗುತ್ತದೆ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 31ನೇ ಕಲಮಿನಲ್ಲಿ ಅದಕ್ಕೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಎಂದಿದೆ. ಎಪ್ಪತ್ತು ದಾಟಿದ ಅಜ್ಜಿಯನ್ನು ಯಾರೂ ಜೈಲಿಗೆ ಹಾಕಲಿಕ್ಕಿಲ್ಲ ಅನ್ನಿ. ಆದರೆ ಎರಡು ಕಡೆ ಹೆಸರಿದೆ ಅಂತ ನೋಟಿಸ್ ಬಂದರೆ ಅದನ್ನು ಹಿಡಿದುಕೊಂಡು ಓಡಾಡುವವರು ನೀವೇ.

ನಿಮಗೆ ಬೇಕಿರುವುದು ಫಾರಂ 8. ಕಳೆದ ಕಾರ್ಡಿಗೆ ಬದಲಿ ಕೇಳುವುದಕ್ಕೂ, ತಪ್ಪು ತಿದ್ದಿಸುವುದಕ್ಕೂ, ಒಂದೂರಿನಿಂದ ಇನ್ನೊಂದೂರಿಗೆ ಹೆಸರು ವರ್ಗಾಯಿಸುವುದಕ್ಕೂ ಈಗ ಅದೊಂದೇ ಫಾರಂ. ಒಳಗೆ ಯಾವುದಕ್ಕೆ ಗುರುತು ಹಾಕುತ್ತೀರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಅದಕ್ಕೆ ಶುಲ್ಕವಿಲ್ಲ. ಸೈಬರ್ ಸೆಂಟರಿನವರು ತುಂಬಿ ಕೊಟ್ಟದ್ದಕ್ಕೆ ಅವರ ಕೂಲಿ ತೆಗೆದುಕೊಳ್ಳಲಿ, ‘ಕಾರ್ಡಿನ ದುಡ್ಡು’ ಅಂತ ಕೇಳಿದರೆ ಕೊಡಬೇಡಿ.

ಅರ್ಜಿಗಿಂತ ಮೊದಲು ಪಟ್ಟಿ ನೋಡಿ. ಚುನಾವಣಾ ಆಯೋಗದ ಪೋರ್ಟಲಿನಲ್ಲೋ ಅದರ ಆ್ಯಪಿನಲ್ಲೋ ಹೆಸರು ಹಾಕಿ ಹುಡುಕಬಹುದು, ಇಲ್ಲದಿದ್ದರೆ 1950ಕ್ಕೆ ಕರೆ ಮಾಡಿ ಕೇಳಬಹುದು. ನಿಮ್ಮ ಊರಿನವರು ಇಲ್ಲಿ ಒಂದು ತೊಡಕಿಗೆ ಸಿಗುತ್ತಾರೆ. ಹರಪನಹಳ್ಳಿ ತಾಲ್ಲೂಕು ಇದ್ದ ಜಾಗ ಬಿಟ್ಟು ಅಲುಗಿಲ್ಲ, ಆದರೂ ಮೂರು ಜಿಲ್ಲೆ ಕಂಡಿದೆ: 1997ರವರೆಗೆ ಬಳ್ಳಾರಿ, ದಾವಣಗೆರೆ ಹೊಸ ಜಿಲ್ಲೆಯಾದಾಗ ಅದಕ್ಕೆ ಸೇರ್ಪಡೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಅವ್ವನ ಟ್ರಂಕಿನಲ್ಲಿರುವ ಒಂದೊಂದು ಕಾಗದದಲ್ಲಿ ಒಂದೊಂದು ಜಿಲ್ಲೆ ಇದ್ದರೆ ಗಾಬರಿಯಾಗಬೇಡಿ, ಅದು ಯಾರ ತಪ್ಪೂ ಅಲ್ಲ. ಹುಡುಕುವಾಗ ಜಿಲ್ಲೆಯನ್ನಲ್ಲ, ನಿಮ್ಮ ಹಳ್ಳಿ ಸೇರುವ ವಿಧಾನಸಭಾ ಕ್ಷೇತ್ರವನ್ನು ಹಿಡಿದು ಹೋಗಿ. ಹೆಸರಿನ ಕೊನೆಗೆ ಒಮ್ಮೆ ‘ಅವ್ವ’ ಹಾಕಿ ನೋಡಿ, ಒಮ್ಮೆ ‘ಅಮ್ಮ’ ಹಾಕಿ ನೋಡಿ. ನಿಮ್ಮ ಸೀಮೆಯಲ್ಲಿ ಗಣತಿಗೆ ಬಂದವರು ಮನೆಯಲ್ಲಿ ಕರೆಯುವುದನ್ನು ಒಂದು ಥರ ಕೇಳಿಸಿಕೊಂಡು ಇನ್ನೊಂದು ಥರ ಬರೆದ ಎಷ್ಟೋ ಹೆಸರುಗಳಿವೆ. ‘ಕೋಂ’ ಎಂದು ಗಂಡನ ಹೆಸರು ಇದ್ದೇ ಇರುತ್ತದೆ, ಅಪ್ಪನ ಹೆಸರಿನಿಂದ ಅವ್ವನನ್ನು ಹುಡುಕುವುದು ಸುಲಭ.

ಪಟ್ಟಿಯಲ್ಲಿ ಹೆಸರು ಸಿಕ್ಕಿತೆಂದರೆ ಅರ್ಧ ಚಿಂತೆ ಹೋಯಿತು. ಓಟು ಹಾಕುವ ಹಕ್ಕು ಬರುವುದು ಪಟ್ಟಿಯಲ್ಲಿರುವ ಹೆಸರಿನಿಂದ, ಕಾರ್ಡು ಗುರುತಿಗೆ ಮಾತ್ರ. ಕಾರ್ಡು ಇಲ್ಲದಿದ್ದರೂ ಆಧಾರ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಇಂಥ ಒಂದನ್ನು ತೋರಿಸಿ ಮತ ಹಾಕಬಹುದು. ಕಾರ್ಡು ಕೈಯಲ್ಲಿದ್ದು ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮಾತ್ರ ಬೂತಿನಿಂದ ವಾಪಸ್ ಬರಬೇಕಾಗುತ್ತದೆ. ಹಾಗಾಗಿ ನಾಳೆ ಬೆಳಗಾಗುವುದರೊಳಗೆ ಮಾಡಿ ಮುಗಿಸಬೇಕಾದ ತುರ್ತೇನೂ ಇಲ್ಲಿಲ್ಲ. ಅದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ.

ಪತ್ರವನ್ನು ಮತ್ತೊಮ್ಮೆ ಓದಿಕೊಂಡೆ. ಯಾವ ದಾಖಲೆ ಅಂತ ಕೇಳಿದ್ದೀರಿ, ಅಣ್ಣ ತಡೆಯಬಹುದೇ ಅಂತ ಕೇಳಿದ್ದೀರಿ, ಹೊಲ ಅಂತ ಕೇಳಿದ್ದೀರಿ. ಅವ್ವ ಯಾವ ಊರಲ್ಲಿ ಓಟು ಹಾಕಬೇಕು ಅಂದುಕೊಂಡಿದ್ದಾಳೆ ಎಂಬುದು ಎಲ್ಲೂ ಇಲ್ಲ. ‘ನಿಮ್ಮಿಷ್ಟ’ ಅಂದಳು ಅನ್ನುತ್ತೀರಿ. ಅಳಿಯನ ಮನೆಯಲ್ಲಿ ಕೂತ ಹೆಣ್ಣುಮಗಳು ‘ನಿಮ್ಮಿಷ್ಟ’ ಅಂದರೆ ಅದು ಒಪ್ಪಿಗೆಯೋ ಸಂಕೋಚವೋ ಮಗಳಾದ ನಿಮಗೆ ಗೊತ್ತಾಗಬೇಕು. ಮಗಳ ಮನೆಯಲ್ಲಿ ಎರಡು ವರ್ಷ ಉಂಡಿರಬಹುದು, ಆದರೆ ‘ಇಂಥವರ ಮನೆ, ಇಂಥ ಬಡಾವಣೆ’ ಅಂತ ಸರ್ಕಾರದ ಕಾರ್ಡಿನಲ್ಲಿ ಅಳಿಯನ ಬಾಗಿಲ ನಂಬರು ಅಚ್ಚಾಗುವುದು ಆ ತಲೆಮಾರಿನವರಿಗೆ ಬೇರೆಯೇ ವಿಷಯ. ನನ್ನೆದುರು ಕೂತು ಒಬ್ಬ ಹಿರಿಯರು, ‘ಅದನ್ನ ಬರೆಸಿಬಿಟ್ರೆ ಊರಲ್ಲಿ ನನ್ನ ಬಾಗಿಲು ಹಾಕಿದಂಗೆ’ ಅಂದಿದ್ದರು. ಅವರ ಮಗನಿಗೆ ಅಲ್ಲಿಯವರೆಗೂ ಇದು ಬರೀ ಪಿನ್‌ಕೋಡಿನ ಪ್ರಶ್ನೆಯಾಗಿತ್ತು.

ಆದ್ದರಿಂದ ಅವ್ವನ ಹತ್ತಿರ ಕೂತು ಕೇಳಿ. ‘ಕಾರ್ಡು ಮಾಡಿಸ್ಲಾ?’ ಅಂತ ಕೇಳಿದರೆ ಮತ್ತೆ ‘ನಿಮ್ಮಿಷ್ಟ’ವೇ ಬರುತ್ತದೆ. ‘ಪಂಚಾಯ್ತಿ ಎಲೆಕ್ಷನ್ ಬಂದ್ರೆ ಊರಿಗೆ ಹೋಗ್ತೀಯಾ?’ ಅಂತ ಕೇಳಿ. ಉತ್ತರ ಆಗ ಅವಳ ಮುಖದಲ್ಲೇ ಇರುತ್ತದೆ. ಗ್ರಾಮ ಪಂಚಾಯ್ತಿ ಚುನಾವಣೆಗೆ ಬಳಸುವುದು ವಿಧಾನಸಭೆಯ ಮತದಾರರ ಪಟ್ಟಿಯ ಆ ಊರಿನ ಭಾಗವನ್ನೇ. ಹೆಸರು ದಾವಣಗೆರೆಗೆ ಬಂದರೆ ಊರಿನ ಪಂಚಾಯ್ತಿಗೆ ಓಟಿಲ್ಲ, ಬದಲಿಗೆ ಇಲ್ಲಿ ಮಹಾನಗರ ಪಾಲಿಕೆಯ ವಾರ್ಡಿಗೆ ಹಾಕಬೇಕು. ಎಂಎಲ್‌ಎ ಬೇರೆಯಾಗುತ್ತಾರೆ. ಎಂಪಿ ಮಾತ್ರ ಅವರೇ, ಯಾಕೆಂದರೆ ಜಿಲ್ಲೆ ಎಷ್ಟು ಸಲ ಬದಲಾದರೂ ಹರಪನಹಳ್ಳಿ ಇನ್ನೂ ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲೇ ಇದೆ. ಪಂಚಾಯ್ತಿ ಚುನಾವಣೆಯಲ್ಲಿ ತನ್ನ ಓಣಿಯವರು ನಿಂತಾಗ ಮನೆಬಾಗಿಲಿಗೆ ಬಂದು ‘ಯಮ್ಮಾ, ನಿಂದೊಂದು ಇರಲಿ’ ಅನ್ನುವುದಿದೆಯಲ್ಲ, ಅದು ವಯಸ್ಸಾದವರಿಗೆ ಸಣ್ಣ ಮರ್ಯಾದೆಯಲ್ಲ. ನಿಮ್ಮ ಬಡಾವಣೆಯಲ್ಲಿ ಅವರನ್ನು ಆ ಥರ ಕೇಳುವವರು ಯಾರಿದ್ದಾರೆ?

‘ಇರುವುದು ಇಲ್ಲಿ, ಓಟು ಅಲ್ಲಿ ಇಟ್ಟುಕೊಂಡರೆ ಸುಳ್ಳಾಗುವುದಿಲ್ಲವೇ?’ ಅಂತ ನೀವು ಕೇಳಬಹುದು. ಕಾನೂನು ನೋಡುವುದು ‘ಸಾಮಾನ್ಯವಾಗಿ ವಾಸಿಸುವ’ ಊರನ್ನು. ತಾತ್ಕಾಲಿಕವಾಗಿ ಬೇರೆ ಕಡೆ ಹೋಗಿದ್ದ ಮಾತ್ರಕ್ಕೆ ಆ ವಾಸ ತಪ್ಪಿಹೋಗುವುದಿಲ್ಲ ಎಂದು ಅದೇ ಪ್ರಜಾಪ್ರಾತಿನಿಧ್ಯ ಕಾಯ್ದೆಯ 20ನೇ ಕಲಂ ಹೇಳುತ್ತದೆ. ಅವ್ವ ನಿಮ್ಮಲ್ಲಿರುವುದು ಸದ್ಯಕ್ಕೆ, ಊರೇ ತನ್ನ ಮನೆ ಅಂತಿದ್ದರೆ ಹೆಸರು ಅಲ್ಲಿರುವುದೇ ಸರಿ. ‘ಇನ್ನು ನಾನಿರುವುದು ಇಲ್ಲೇ, ಹಬ್ಬಕ್ಕೆ ಮಾತ್ರ ಊರು’ ಅಂತಾದರೆ ವರ್ಗಾಯಿಸುವುದೇ ಸರಿ. ಎರಡು ಕಡೆಯೂ ಇರಲಿ ಅನ್ನುವ ಹಾಗಿಲ್ಲ, ಅಷ್ಟೆ. ಇದನ್ನು ನಿರ್ಧರಿಸಬೇಕಾದವರು ನೀವೂ ಅಲ್ಲ, ನಿಮ್ಮ ಅಣ್ಣನೂ ಅಲ್ಲ. ಅವರು ತಡೆಯಬಹುದೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರವೂ ಇದರಲ್ಲೇ ಬಂತು: ಅರ್ಜಿದಾರಳು ಅವ್ವ, ಅವಳು ಕೇಳಿದರೆ ಅಣ್ಣನ ಒಪ್ಪಿಗೆ ಬೇಕಿಲ್ಲ. ನಿಮ್ಮ ಒಪ್ಪಿಗೆಯೂ ಬೇಕಿಲ್ಲ.

ಈಗ ಹೊಲ. ಅದೇ 20ನೇ ಕಲಂ ಇನ್ನೊಂದು ಮಾತನ್ನೂ ಹೇಳುತ್ತದೆ: ಒಂದು ಕ್ಷೇತ್ರದಲ್ಲಿ ಮನೆ ಇದೆ ಅಥವಾ ಸ್ವಾಧೀನದಲ್ಲಿದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಅಲ್ಲಿನ ನಿವಾಸಿ ಅನ್ನಲಾಗದು. ಆಸ್ತಿಗೂ ಓಟಿನ ಪಟ್ಟಿಗೂ ಗಂಟು ಹಾಕಬೇಡಿ ಅಂತ ಕಾಯ್ದೆ ಬರೆದವರೇ ಹೇಳಿದ್ದಾರೆ. ವೋಟರ್ ಕಾರ್ಡಿನ ವಿಳಾಸ ಬದಲಾದರೆ ಪಹಣಿಯಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ನಿಮ್ಮ ಅಪ್ಪ ಉಯಿಲು ಬರೆಯದೆ ತೀರಿಕೊಂಡಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವ್ವ, ಅಣ್ಣ, ನೀವು ಮೂವರೂ ಮೊದಲ ವರ್ಗದ ವಾರಸುದಾರರು. ಪಿತ್ರಾರ್ಜಿತವಾಗಿದ್ದರೆ 2005ರ ತಿದ್ದುಪಡಿಯ ಪ್ರಕಾರ ಮಗಳಿಗೂ ಮಗನಷ್ಟೇ ಹಕ್ಕು, ಮದುವೆಯಾಗಿದ್ದರೂ ಸರಿ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಡಿಸಿ ಹೇಳಿದೆ. ಹಳೇ ಪಾಲುಪತ್ರವೇನಾದರೂ ಇದ್ದರೆ ಲೆಕ್ಕ ಬೇರೆಯಾಗುತ್ತದೆ, ಅದನ್ನು ವಕೀಲರಿಗೆ ತೋರಿಸಿ. ಅವ್ವನ ಕಾರ್ಡು ನಿಮ್ಮ ಮನೆಗೆ ಬಂದರೆ ನಿಮ್ಮ ಪಾಲು ಹೆಚ್ಚುವುದಿಲ್ಲ, ಅಣ್ಣನ ಮನೆಯಲ್ಲೇ ಉಳಿದರೆ ಕಮ್ಮಿಯಾಗುವುದೂ ಇಲ್ಲ.

ಒಂದು ಮಾತು ನೇರವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮಗೆ ಹೊಲದ ಪಾಲು ಬೇಕೇ? ಬೇಕು ಅಂತಿದ್ದರೆ ಅದರಲ್ಲಿ ಅಪರಾಧವೇನಿಲ್ಲ. ಪೌತಿ ಖಾತೆ ಆಗಿದೆಯೇ, ವಂಶವೃಕ್ಷದಲ್ಲಿ ನಿಮ್ಮ ಹೆಸರಿದೆಯೇ ಅಂತ ನಾಡಕಚೇರಿಯಲ್ಲಿ ವಿಚಾರಿಸಿ, ಅಣ್ಣನ ಎದುರು ಕೂತು ಪಾಲು ಅಂತಲೇ ಕೇಳಿ. ಬೇಡ ಅಂತಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ. ಎರಡೂ ಹೇಳದೆ ಅವ್ವನ ಕಾರ್ಡಿನ ವಿಷಯ ಎತ್ತಿದರೆ ಅಣ್ಣನಿಗೆ ಹೊಲವೇ ಕಾಣುತ್ತದೆ. ಪಹಣಿಗೆ ಆಧಾರ್ ಜೋಡಿಸಿ ಅಂತ ಗ್ರಾಮ ಆಡಳಿತಾಧಿಕಾರಿಗಳು ಊರೂರಲ್ಲಿ ಹೇಳಿಕೊಂಡು ಬಂದ ಮೇಲೆ, ಯಾವ ಕಾರ್ಡು ಮುಟ್ಟಿದರೂ ಜಮೀನು ಅಲುಗಾಡುತ್ತದೆ ಎಂಬ ಭಯ ಹಳ್ಳಿಗಳಲ್ಲಿದೆ. ಆ ಜೋಡಣೆ ಮಾಲೀಕರು ಯಾರೆಂದು ಗುರುತಿಸುವುದಕ್ಕೆ. ಮಾಲೀಕರು ಎಲ್ಲಿ ಮಲಗುತ್ತಾರೆ ಎಂಬುದು ಅದಕ್ಕೆ ಬೇಕಿಲ್ಲ.

ಅತ್ತಿಗೆ ಮಾತು ಬಿಟ್ಟದ್ದಕ್ಕೆ ಬೇರೆಯೇ ಕಾರಣ ಇದ್ದೀತು. ಊರಿನ ರೇಷನ್ ಕಾರ್ಡಿನಲ್ಲಿ ಯಜಮಾನಿ ಯಾರು? ಆಹಾರ ಭದ್ರತಾ ಕಾಯ್ದೆಯಂತೆ ಮನೆಯ ಹಿರಿಯ ಹೆಂಗಸೇ ಕಾರ್ಡಿನ ಮುಖ್ಯಸ್ಥೆ, ಅಂದರೆ ಬಹುಶಃ ಅವ್ವ. ಗೃಹಲಕ್ಷ್ಮಿಯ ಎರಡು ಸಾವಿರ ಯಜಮಾನಿಯ ಖಾತೆಗೆ ಬರುತ್ತದೆ. ಅವ್ವನ ವಿಳಾಸ ಬದಲಾದರೆ ಕಾರ್ಡೇ ರದ್ದಾದೀತು, ಅಕ್ಕಿ ನಿಂತೀತು ಎಂದು ಅವರು ಹೆದರಿರಬಹುದು. ಮತದಾರರ ಪಟ್ಟಿಯಲ್ಲಿ ವರ್ಗಾವಣೆಯಾದ ಮಾತ್ರಕ್ಕೆ ರೇಷನ್ ಕಾರ್ಡು ತಾನಾಗಿ ಬದಲಾಗುವುದಿಲ್ಲ, ಅದಕ್ಕೆ ಬೇರೆ ಇಲಾಖೆ, ಬೇರೆ ಅರ್ಜಿ. ಅಣ್ಣನಿಗಿಂತ ಮೊದಲು ಅತ್ತಿಗೆಗೆ ಫೋನ್ ಮಾಡಿ ಇದನ್ನು ಹೇಳಿ ನೋಡಿ. ಹೊಲದ ಜಗಳ ಅಂದುಕೊಂಡಿದ್ದು ಹತ್ತು ಕೆಜಿ ಅಕ್ಕಿಯ ಜಗಳವಾಗಿರುವುದೂ ಉಂಟು.

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಕಳವಳ ತಂದದ್ದು ವಿಳಾಸ ಅಲ್ಲ, ಒಟಿಪಿ. ಅವ್ವನ ಬ್ಯಾಂಕು, ಪಿಂಚಣಿ ಎಲ್ಲದರ ಬೀಗದಕೈ ಅವಳ ಕೈಯಲ್ಲಿಲ್ಲ, ಊರಲ್ಲಿರುವ ಇನ್ನೊಬ್ಬರ ಜೇಬಿನಲ್ಲಿದೆ. ಅಣ್ಣ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ನಂಬರು ಕೊಟ್ಟ ದಿನ ಮನೆಯಲ್ಲಿದ್ದದ್ದು ಅವರ ಮೊಬೈಲೊಂದೇ ಇದ್ದಿರಬಹುದು. ಇದನ್ನು ಸರಿಪಡಿಸುವುದು ವೋಟರ್ ಕಾರ್ಡಿಗಿಂತ ಸುಲಭ. ಅವ್ವನನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಮೊಬೈಲ್ ನಂಬರ್ ಬದಲಾವಣೆ ಅಂತ ಹೇಳಿ. ದಾಖಲೆ ಕೇಳುವುದಿಲ್ಲ, ಬೆರಳಚ್ಚು ಸಾಕು. ಬದುಕೆಲ್ಲ ಕಳೆ ಕಿತ್ತ ಬೆರಳು ಯಂತ್ರಕ್ಕೆ ಹಿಡಿಯದಿದ್ದರೆ ಕಣ್ಣಿನಿಂದ ಆಗುತ್ತದೆ, ಹತ್ತು ಸಲ ಒತ್ತಿಸಿ ಅವಳನ್ನು ಮುಜುಗರಪಡಿಸದಂತೆ ನೀವೇ ಹೇಳಿ. ಶುಲ್ಕಕ್ಕೆ ರಸೀದಿ ಪಡೆಯಿರಿ.

ಆದರೆ ಅಲ್ಲಿ ನಿಮ್ಮ ನಂಬರು ಕೊಡಬೇಡಿ. ನೀವು ಕೊಟ್ಟರೆ ಬೀಗದಕೈ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಯಿತು, ಅಷ್ಟೇ. ಅಣ್ಣನ ಸಂಶಯಕ್ಕೆ ಆಗ ನಿಜವಾದ ಆಧಾರ ಸಿಗುತ್ತದೆ. ಅವ್ವನಿಗೊಂದು ಬಟನ್ ಫೋನು, ಅವಳದೇ ಸಿಮ್ಮು ಕೊಡಿಸಿ. ಓದಲು ಬರದಿದ್ದರೆ ಆರು ಅಂಕಿ ಓದಿ ಹೇಳಲು ಮೊಮ್ಮಕ್ಕಳಿದ್ದಾರೆ. ಇದನ್ನು ಮಾಡುವ ಮುಂಚೆ ಅಣ್ಣನಿಗೆ ಹೇಳಿಯೇ ಮಾಡಿ. ಗುಟ್ಟಾಗಿ ಮಾಡಿ ಆಮೇಲೆ ತಿಳಿದರೆ ನಿಮ್ಮ ನ್ಯಾಯವೂ ಕಳ್ಳತನದಂತೆ ಕಾಣುತ್ತದೆ.

ಆಧಾರಿನ ವಿಳಾಸವನ್ನು ಮೊದಲು ಬದಲಿಸಿ ಆಮೇಲೆ ವೋಟರ್ ಕಾರ್ಡು ಅಂತ ಕೆಲವರು ಹೇಳುತ್ತಾರೆ. ಹಾಗೇನೂ ಬೇಕಿಲ್ಲ. ಅವ್ವ ದಾವಣಗೆರೆಗೆ ವರ್ಗಾಯಿಸಿಕೊಳ್ಳಲು ಒಪ್ಪಿದರೆ, ಅದೇ ವಿಳಾಸದಲ್ಲಿ ಮತದಾರರಾಗಿರುವ ವಯಸ್ಕ ಮಗ ಅಥವಾ ಮಗಳ ಹೆಸರಿನ ವಿಳಾಸ ದಾಖಲೆಯೂ ನಡೆಯುತ್ತದೆ. ನಿಮ್ಮ ಹೆಸರಿನಲ್ಲಿ ಕರೆಂಟ್ ಬಿಲ್ಲೋ ಗ್ಯಾಸ್ ಸಂಪರ್ಕವೋ ಬ್ಯಾಂಕ್ ಪಾಸ್‌ಬುಕ್ಕೋ ಇದ್ದರೆ ತೆಗೆದಿಡಿ. ಎಲ್ಲವೂ ಯಜಮಾನರ ಹೆಸರಲ್ಲೇ ಇದ್ದರೆ ನಿಮ್ಮ ಆಧಾರ್ ಇದೆಯಲ್ಲ. ಅರ್ಜಿ ಹೋದ ಮೇಲೆ ಬೂತ್ ಮಟ್ಟದ ಅಧಿಕಾರಿ (ಬಿಎಲ್‌ಒ) ಮನೆಗೆ ಬರುತ್ತಾರೆ, ಹೆಚ್ಚಾಗಿ ಹತ್ತಿರದ ಶಾಲೆಯ ಮೇಷ್ಟ್ರು ಅಥವಾ ಅಂಗನವಾಡಿ ಟೀಚರು. ‘ಅಜ್ಜೀ, ನೀವಿರೋದು ಇಲ್ಲೇನಾ?’ ಅಂತ ಕೇಳುತ್ತಾರೆ. ಅದಕ್ಕೆ ಉತ್ತರ ಅವ್ವನೇ ಹೇಳಲಿ, ನೀವು ಒಳಗೆ ಚಹಾ ಇಡಲು ಹೋಗಿ. ಅರ್ಜಿ ತಿರಸ್ಕಾರವಾದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಬಹುದು. ನಿಮ್ಮದರಂಥ ಸರಳ ಅರ್ಜಿ ಅಲ್ಲಿಯವರೆಗೆ ಹೋಗಲಿಕ್ಕಿಲ್ಲ.

ಹುಟ್ಟಿದ ದಿನಾಂಕಕ್ಕಾಗಿ ತಲೆಕೆಡಿಸಿಕೊಳ್ಳಬೇಡಿ. ಆಧಾರಿನಲ್ಲಿ ಜನವರಿ 1 ಅಂತಿರಬಹುದು. ವಯಸ್ಸು ಅಂದಾಜು ಹೇಳಿದವರಿಗೆಲ್ಲ ಬಿದ್ದ ದಿನಾಂಕ ಅದು. ಶಾಲೆಗೆ ಹೋದ ನಮ್ಮ ತಲೆಮಾರಿನ ಅರ್ಧ ಜನ ಹೆಡ್‌ಮಾಸ್ತರ ದಯೆಯಿಂದ ಜೂನ್ 1ಕ್ಕೆ ಹುಟ್ಟಿಲ್ಲವೇ, ಹಾಗೆ. ಹೆಸರಿನ ವಿಷಯದಲ್ಲಿ ಮಾತ್ರ ಈಗಲೇ ಒಂದು ತೀರ್ಮಾನಕ್ಕೆ ಬನ್ನಿ. ಬ್ಯಾಂಕಿನಲ್ಲೂ ಆಧಾರಿನಲ್ಲೂ ಒಂದೇ ಥರ ಇದ್ದರೆ ವೋಟರ್ ಕಾರ್ಡಿನಲ್ಲೂ ಅದನ್ನೇ ಮಾಡಿಸಿ. ಆಧಾರಿನ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ತಿದ್ದಲು ಬಿಡುತ್ತಾರೆ, ಅದನ್ನು ಸುಮ್ಮನೆ ಖರ್ಚು ಮಾಡಬೇಡಿ.

ಅವ್ವನ ಓಟು ಊರಲ್ಲೇ ಇರಲಿ ಅಂತಾದರೆ ಕೆಲಸ ಇನ್ನೂ ಚಿಕ್ಕದು. ಅದೇ ಫಾರಂ 8ರಲ್ಲಿ ‘ಬದಲಿ ಕಾರ್ಡು’ ಎಂಬಲ್ಲಿ ಗುರುತು, ಕಾರಣ ‘ಕಳೆದಿದೆ’. ಪೊಲೀಸ್ ದೂರಿನ ಪ್ರತಿ ಕೇಳಬಹುದು, ಠಾಣೆಗೆ ಹೋಗಿ ಕಳೆದ ವಸ್ತುವಿನ ವರದಿ ಮಾಡಿಸಿಟ್ಟುಕೊಳ್ಳಿ. ಹೊಸ ಫೋಟೊ ಬಿಳಿ ಹಿನ್ನೆಲೆಯಲ್ಲಿ ತೆಗೆಸಿ, ಸೆರಗು ತಲೆ ಮೇಲಿದ್ದರೂ ಮುಖ ಪೂರ್ತಿ ಕಾಣಲಿ. ಅರ್ಜಿ ಸಂಖ್ಯೆಯನ್ನು ಒಂದು ಕಾಗದದಲ್ಲಿ ಬರೆದು ಪಾಸ್‌ಬುಕ್ಕಿನೊಳಗೆ ಇಡಿ. ಮುಂದೆ ಹಳೇ ಕಾರ್ಡು ಯಾವುದೋ ಸೀರೆ ಮಡಿಕೆಯಲ್ಲಿ ಸಿಕ್ಕರೆ ಅದನ್ನು ಚುನಾವಣಾ ಶಾಖೆಗೆ ವಾಪಸ್ ಕೊಡಬೇಕು.

ಮತ್ತೆ ಈ ದಾರಿ ಹಿಡಿದರೆ ಹೊಸ ಕಾರ್ಡು ಅಂಚೆಯಲ್ಲಿ ಹೋಗುವುದು ಪಟ್ಟಿಯಲ್ಲಿರುವ ವಿಳಾಸಕ್ಕೆ, ಅಂದರೆ ಅಣ್ಣನ ಮನೆಗೆ. ಪೋಸ್ಟ್‌ಮ್ಯಾನ್ ಬಂದಾಗ ಬಾಗಿಲಲ್ಲಿ ನಿಂತು ತೆಗೆದುಕೊಳ್ಳುವವರು ಅಣ್ಣನೋ ಅತ್ತಿಗೆಯೋ. ಅವರ ಜೊತೆ ಮಾತು ಬಿಟ್ಟುಕೊಂಡು ಈ ಅರ್ಜಿ ಹಾಕಿ ಪ್ರಯೋಜನವಿಲ್ಲ, ಅದಕ್ಕೇ ಫೋನ್ ಮೊದಲು ಮಾಡಿ, ಫಾರಂ ಆಮೇಲೆ ತುಂಬಿ.